ದೋಷ ಯಾರ ಲೆಕ್ಕಕ್ಕೆ?

ವಸ್ತುಗಳನ್ನು ಕೊಳ್ಳುವವರಲ್ಲಿ ಎರಡು ಬಗೆ. ಕೈಯಲ್ಲಿ ಹಿಡಿದು, ಮೂಸಿ, ಬಗ್ಗಿಸಿ, ಬಡಿದು ನೋಡಿದ ಮೇಲೆ ಹಣ ಎಣಿಸುವವರು ಮೊದಲನೆಯ ಬಗೆಯವರು. ಮೊದಲು ಹಣ ಎಣಿಸಿ, ಮನೆಗೆ ಬಂದು, ಬಾಗಿಲು ಮುಂದೆ ಮಾಡಿಕೊಂಡು ಪರೀಕ್ಷೆ ನಡೆಸುವವರು ಎರಡನೆಯ ಬಗೆಯವರು. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಯಲಿನಲ್ಲಿ ಹರಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜನ ಬಹುಕಾಲದಿಂದಲೂ ಮೊದಲನೆಯ ಬಗೆಗೆ ಸೇರಿದವರು. ಅಥಣಿಯಲ್ಲಿ ಚಪ್ಪಲಿ ಕೊಳ್ಳುವವನು ಅದರ ಅಂಗಾಲನ್ನು ಬಿಲ್ಲಿನಂತೆ ಬಗ್ಗಿಸಿ ನೋಡುತ್ತಾನೆ. ಚರ್ಮದ ಹೆಣಿಗೆಯನ್ನು ಉಗುರಿನಿಂದ ಎಬ್ಬಿಸಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆದು ಅದರ ಕರಕರ ಸದ್ದಿಗೆ ಕಿವಿಗೊಡುತ್ತಾನೆ. ರಾಯಬಾಗದ ಒಕ್ಕಲಿಗ ಎತ್ತಿನ ಹಲ್ಲು ಎಣಿಸದೆ ಹಗ್ಗಕ್ಕೆ ಕೈ ಹಾಕುವವನಲ್ಲ. ಕಬ್ಬಿನ ನಾಡಾದ ಕಾಗವಾಡದ ಕಡೆ ಬೆಲ್ಲದ ಪೆಂಟೆಯ ಚೂರನ್ನು ನಾಲಗೆಯ ಮೇಲೆ ಇಡದೆ ವ್ಯಾಪಾರ ಕುದುರುವುದಿಲ್ಲ.

ಈ ಪರೀಕ್ಷೆಯ ವಿದ್ಯೆ ಪರಾಕಾಷ್ಠೆಗೆ ಮುಟ್ಟಿರುವುದು ನಿಪ್ಪಾಣಿಯಲ್ಲಿ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಈ ಊರು ತಂಬಾಕಿನಿಂದ ಬೆಳೆದ ಊರು. ಇಲ್ಲಿಯದು ಬೀಡಿಗೆಂದೇ ಬೆಳೆಯುವ ತಂಬಾಕು. ಮಳೆಗಾಲದಲ್ಲಿ ಸಸಿ ನೆಟ್ಟು, ಕುಡಿ ಮುರಿದು, ಕಂಕುಳ ಚಿಗುರುಗಳನ್ನು ಚಿವುಟಿ, ಗಿಡದ ಬಲವೆಲ್ಲ ಉಳಿದ ಕೆಲವೇ ಎಲೆಗಳಿಗೆ ಇಳಿಯುವಂತೆ ಮಾಡುತ್ತಾರೆ. ಎಲೆಯ ಮೇಲೆ ಕಂದು ಚುಕ್ಕೆಗಳು ಮೂಡಿದವೆಂದರೆ ಬೆಳೆ ಮಾಗಿತೆಂದು ಅರ್ಥ. ಕೊಯ್ದ ಎಲೆಯನ್ನು ಹೊಲದಲ್ಲಿಯೇ ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಅದನ್ನು ಕೊಳ್ಳಬಂದ ವ್ಯಾಪಾರಿ ಹಿಡಿ ಎಲೆಯನ್ನು ಅಂಗೈಯಲ್ಲಿ ಹಿಸುಕಿ, ಮೂಗಿಗೆ ಹಿಡಿದು, ಚುಕ್ಕೆಗಳನ್ನು ಬೆಳಕಿಗೆ ನೋಡಿ, ಒಂದು ಮಾತಿನಲ್ಲಿ ವರ್ಷದ ದುಡಿಮೆಗೆ ಬೆಲೆ ಕಟ್ಟುತ್ತಾನೆ. ಆ ಒಂದು ಮಾತು ನ್ಯಾಯದ್ದಲ್ಲವೆಂದು ಬೆಳೆಗಾರರಿಗೆ ಅನಿಸಿದ್ದುಂಟು. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ಸಾವಿರಾರು ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಇದೇ ಹೆದ್ದಾರಿಯನ್ನು ತಡೆದು ಕುಳಿತರು. ಆ ಏಪ್ರಿಲ್ ತಿಂಗಳಲ್ಲಿ ಪೋಲೀಸರ ಗುಂಡಿಗೆ ಹಲವು ರೈತರು ಬಲಿಯಾದರು. ಗುಣ ನೋಡುವವನು ಯಾರು, ಅದಕ್ಕೆ ಬೆಲೆ ಕಟ್ಟುವವನು ಯಾರು ಎಂಬ ಪ್ರಶ್ನೆ ಈ ಊರಿನಲ್ಲಿ ರಕ್ತ ಕಂಡ ಪ್ರಶ್ನೆ.

ಈ ಊರಿನ ಒಂದು ಓಣಿಯಲ್ಲಿ ಒಬ್ಬ ಮುದುಕಿಯಿದ್ದಾಳೆ. ಅವಳ ಹೆಸರು ಇಲ್ಲಿ ಮುಖ್ಯವಲ್ಲ. ಓಣಿಯ ಜನರೆಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಾರೆ. ಹರೆಯದಲ್ಲಿ ಕೆಲವು ವರ್ಷ ತಂಬಾಕಿನ ವಖಾರಿಯಲ್ಲಿ ಎಲೆ ಕುಟ್ಟಿ ಸೋಸಿದವಳು. ಅಲ್ಲಿಯ ಧೂಳಿಗೆ ಕೆಮ್ಮು ಹತ್ತಿದ ಮೇಲೆ ಮನೆಯಲ್ಲಿ ಕುಳಿತು ಬೀಡಿ ಕಟ್ಟತೊಡಗಿದಳು. ನಿಪ್ಪಾಣಿಯ ತಂಬಾಕು ಕಾರಖಾನೆಗಳಲ್ಲಿ ದುಡಿದ ಹೆಂಗಸರ ಹೋರಾಟವನ್ನು ಕುರಿತು 1982ರಲ್ಲಿ ‘ಯುಗಾಂತರ’ ಎಂಬ ಮಹಿಳೆಯರ ಬಳಗವು ‘ತಂಬಾಕೂ ಚಾಕೀಲಾ ಊಬ ಆಲೀ’ ಎಂಬ ಮರಾಠಿ ಸಾಕ್ಷ್ಯಚಿತ್ರವನ್ನು ತೆಗೆಯಿತು. ಅದರಲ್ಲಿ ಕಾಣುವಂಥ ಧೂಳು, ಅಂಥದೇ ಸೆರಗು ಕಟ್ಟಿದ ಮುಖಗಳು ಆಯಿಯ ನೆನಪಿನಲ್ಲಿಯೂ ಇವೆ.

ಬೀಡಿ ನೋಡಲು ಅಲ್ಪ ವಸ್ತು. ಆದರೆ ಅದರ ಶಿಸ್ತು ಅಲ್ಪವಲ್ಲ. ಮಧ್ಯಪ್ರದೇಶ, ಒಡಿಶಾಗಳ ಕಾಡಿನಿಂದ ಬಂದ ತೆಂಡು ಎಲೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕು. ತಗಡಿನ ಅಳತೆಯನ್ನಿಟ್ಟು ಕತ್ತರಿಯಿಂದ ಕತ್ತರಿಸಬೇಕು. ಚಿಟಿಕೆ ತಂಬಾಕನ್ನು ಹರಡಿ, ಬಾಯಿಯ ಕಡೆ ಸಣ್ಣಗೆ, ಬೆಂಕಿಯ ಕಡೆ ಅಗಲವಾಗಿ ಸುತ್ತಬೇಕು. ತುದಿಯನ್ನು ಮಡಚಿ ದಾರ ಬಿಗಿಯಬೇಕು. ಹೀಗೆ ಬೆಳಗಿನಿಂದ ಸಂಜೆಯವರೆಗೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರೆ, ಕೈ ಪಳಗಿದವಳು 800ರಿಂದ 1000 ಬೀಡಿ ಕಟ್ಟಿಯಾಳು. ಕೂಲಿ ಸಾವಿರಕ್ಕೆ ಇಷ್ಟೆಂದು. ಕಟ್ಟಿದ ಮಾಲು ತಪಾಸಣೆಯವನ ಮುಂದೆ ಹೋದಾಗ ಅವನು 25ರ ಕಟ್ಟುಗಳನ್ನು ಕೈಯಲ್ಲಿ ಉರುಳಿಸುತ್ತಾನೆ. ಒಂದರ ಎಲೆ ಸೀಳಿರುತ್ತದೆ, ಒಂದು ಸಡಿಲವಾಗಿರುತ್ತದೆ, ಒಂದರ ಅಳತೆ ಕೂದಲೆಳೆಯಷ್ಟು ಕಡಿಮೆ. ಅಂಥವನ್ನು ತೆಗೆದು ಪಕ್ಕಕ್ಕೆ ಹಾಕುತ್ತಾನೆ. ಪಕ್ಕಕ್ಕೆ ಹೋದ ಬೀಡಿಗೆ ಕೂಲಿಯಿಲ್ಲ. ಕೊಟ್ಟ ಎಲೆಯೇ ಹರಕಾಗಿದ್ದರೂ ದೋಷ ಕಟ್ಟಿದವಳ ಲೆಕ್ಕಕ್ಕೆ ಬೀಳುತ್ತದೆ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರಿಗಾಗಿ ಬಂದ ಕೇಂದ್ರ ಕಾಯಿದೆಯಲ್ಲಿ, ಬೀಡಿಯನ್ನು ತಿರಸ್ಕರಿಸಿದ ಬಗ್ಗೆ ಎದ್ದ ವಿವಾದವನ್ನು ತೀರ್ಮಾನಿಸುವುದಕ್ಕೆ ಬೇರೆಯಾದ ಒಂದು ಏರ್ಪಾಡನ್ನೇ ಮಾಡಬೇಕಾಯಿತೆಂದರೆ, ಆ ಪಕ್ಕಕ್ಕೆ ಹೋದ ಬೀಡಿಗಳು ಎಷ್ಟು ಮನೆಗಳ ಒಲೆಯನ್ನು ತಟ್ಟಿದ್ದವೆಂಬುದನ್ನು ಓದುಗರು ಊಹಿಸಬಹುದು.

ಈ ಆಯಿಯ ಮೊಮ್ಮಗ ಪುಣೆಯ ಒಂದು ಕಾರಖಾನೆಯಲ್ಲಿ ಕೆಲಸಕ್ಕಿದ್ದ. ಓಣಿಯ ಎಲ್ಲ ಹುಡುಗರಂತೆ ಅವನಿಗೂ ಹದಿನಾರರ ವಯಸ್ಸಿನಲ್ಲಿಯೇ ಬೀಡಿ ಗಂಟುಬಿದ್ದಿತ್ತು. ಪುಣೆಯಲ್ಲಿ ಅದು ಸಿಗರೇಟಾಗಿ ಬಡ್ತಿ ಪಡೆಯಿತು. ಮದುವೆಯ ಮಾತು ಬಂದಾಗ ಅದನ್ನು ಬಿಡಬೇಕೆಂಬ ಮನಸ್ಸಾಯಿತು. ಬಿಡುವುದಕ್ಕೆ ಸುಲಭವಾದ ದಾರಿಯೊಂದಿದೆಯೆಂದು ಗೆಳೆಯನೊಬ್ಬ ಹೇಳಿದ. ದೀಪಾವಳಿಗೆ ಊರಿಗೆ ಬಂದಾಗ ಅವನ ಜೇಬಿನಲ್ಲಿ ಮಖಮಲ್ಲಿನ ಪೆಟ್ಟಿಗೆಯೊಂದಿತ್ತು. ಅದರೊಳಗೆ ಗೇಣುದ್ದಕ್ಕಿಂತ ತುಸು ಕಡಿಮೆಯಾದ, ಥಳಥಳಿಸುವ ತಾಮ್ರದ ಒಂದು ಕೊಳವೆ. ಅದಕ್ಕೆ ಅವನು ತೆತ್ತದ್ದು ಅರ್ಧ ತಿಂಗಳ ಸಂಬಳ.

ಈ ವಸ್ತುವಿನ ವಂಶವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಬಹುದು. ತಂಬಾಕಿನ ಸಾರವಾದ ನಿಕೊಟಿನ್ನನ್ನು 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಬೇರ್ಪಡಿಸಿದರು. ಸುಡದೆಯೆ ಸೇದುವ ಸಿಗರೇಟಿಗಾಗಿ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ 1963ರಲ್ಲಿ ಅರ್ಜಿ ಹಾಕಿ 1965ರಲ್ಲಿ ಪೇಟೆಂಟ್ ಪಡೆದ. ಆದರೆ ಅದು ಅಂಗಡಿಯ ಮುಖ ಕಾಣಲಿಲ್ಲ. 2003ರಲ್ಲಿ ಚೀನದ ಔಷಧ ತಜ್ಞ ಹೋನ್ ಲಿಕ್ ತಯಾರಿಸಿದ ವಿದ್ಯುತ್ ಸಿಗರೇಟು ಲೋಕಕ್ಕೆಲ್ಲ ಹಬ್ಬಿತು. ಅದರ ಕವಲುಗಳಲ್ಲಿ ಒಂದು ಈ ತಾಮ್ರದ ಕೊಳವೆ. ಬೇರೆ ಉಪಕರಣಗಳಲ್ಲಿ ವಿದ್ಯುತ್ತನ್ನು ಅಳೆದು ಕೊಡುವ, ಮಿತಿ ಮೀರಿದರೆ ತಡೆಯುವ ಪುಟ್ಟ ಮಂಡಲವೊಂದಿರುತ್ತದೆ. ಇದರಲ್ಲಿ ಅದೂ ಇಲ್ಲ. ಕೊಳವೆಯೊಳಗೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಬ್ಯಾಟರಿ. ಬುಡದಲ್ಲಿ ಒತ್ತುವ ಗುಂಡಿ. ತಲೆಯಲ್ಲಿ ತಂತಿಯ ಸುರುಳಿ, ಅದರೊಳಗೆ ಹತ್ತಿಯ ಬತ್ತಿ, ಬತ್ತಿಗೆ ಗ್ಲಿಸರಿನ್ ಮೊದಲಾದವನ್ನು ಬೆರೆಸಿದ ದ್ರವ. ಗುಂಡಿ ಒತ್ತಿದರೆ ಸುರುಳಿ ಕಾಯುತ್ತದೆ, ದ್ರವ ಆವಿಯಾಗುತ್ತದೆ, ಸೇದುವವನು ಸೇದುತ್ತಾನೆ. ಅದರಲ್ಲಿ ಕೆಡುವಂಥದೇನೂ ಇಲ್ಲ, ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ ಎಂದು ಮಾರಿದವನು ಹೇಳಿದ್ದ.

ಆಯಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಬತ್ತಿ ಐತಿ, ಎಣ್ಣಿ ಐತಿ, ಬೆಂಕಿ ಮಾತ್ರ ಕಾಣಂಗಿಲ್ಲ. ಇದೇನ ದೀಪೋ, ಚಿಲಮಿಯೋ, ತಮ್ಮಾ?”

“ಇದು ಹೊಸಾದು, ಆಯಿ. ಬೀಡಿ ಬಿಡಾಕ ತಂದೀನಿ.”

ಹೊಸತಿನ ಹೊಳಪು ಒಂದು ತಿಂಗಳು ಬಾಳಿತು. ಮೊದಲು ಕಂಡದ್ದು ಕಿಲುಬು. ತಾಮ್ರದ ಗುಣವೇ ಅದು. ಗಾಳಿಯ ಪಸೆ, ಅಂಗೈಯ ಬೆವರು ತಗಲಿದರೆ ಕಪ್ಪಾಗುತ್ತದೆ, ಹಸಿರಾಗುತ್ತದೆ. ನೀರಿನ ಕೊಡವಾಗಿದ್ದರೆ ಹುಣಿಸೆಹಣ್ಣು, ಬೂದಿ ಹಚ್ಚಿ ಬೆಳಗಿದರೆ ತೀರಿತು. ಆದರೆ ಇಲ್ಲಿ ಕೊಳವೆಯೇ ವಿದ್ಯುತ್ತಿನ ದಾರಿ. ಬುಡದ ತಿರುಪಿನಲ್ಲಿ, ತಲೆಯ ತಿರುಪಿನಲ್ಲಿ, ಗುಂಡಿಯ ತುದಿಯಲ್ಲಿ ಕಿಲುಬು ಕುಳಿತರೆ ಆ ದಾರಿಯಲ್ಲಿ ಕಲ್ಲುಮುಳ್ಳು ಬಿದ್ದಂತೆ. ಇದರ ಲೆಕ್ಕ ಸರಳವಾದುದು. ತುಂಬಿದ ಬ್ಯಾಟರಿಯ ಒತ್ತಡ 4.2 ವೋಲ್ಟ್. ಸುರುಳಿಯ ತಡೆ 0.2 ಓಮ್ ಎಂದಿಟ್ಟುಕೊಂಡರೆ, ಹರಿಯುವ ವಿದ್ಯುತ್ತು 21 ಆಂಪಿಯರ್. ಸುರುಳಿಗೆ ದೊರೆಯುವ ಶಕ್ತಿ ಸುಮಾರು 88 ವ್ಯಾಟ್. ಕಿಲುಬು ಹಿಡಿದ, ಒರಟಾದ ತಿರುಪುಗಳು ಎಲ್ಲ ಸೇರಿ 0.05 ಓಮ್‌ನಷ್ಟು ತಡೆಯೊಡ್ಡಿದರೂ ಸಾಕು, ಹರಿವು 16.8 ಆಂಪಿಯರಿಗೆ ಇಳಿದು ಸುರುಳಿಗೆ ಸುಮಾರು 56 ವ್ಯಾಟ್ ಮಾತ್ರ ಉಳಿಯುತ್ತದೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಲ್ಲವಾಯಿತು. ಆಗಲೂ ಸುಮಾರು 14 ವ್ಯಾಟ್ ಶಕ್ತಿ ಆ ತಿರುಪುಗಳಲ್ಲಿಯೇ ವ್ಯರ್ಥವಾಗಿ ಕಾವಾಗುತ್ತದೆ. ಹೀಗಾಗಿ ಆವಿ ತೆಳ್ಳಗಾಗಿ, ಹಿಡಿದ ಕೈ ಬೆಚ್ಚಗಾಯಿತು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತಿರುಪು ಕಡೆದವನು ಅದರ ಅಂಚಿನ ಒರಟನ್ನು ತೆಗೆದಿರಲಿಲ್ಲ; ಬಿಗಿದಾಗಲೆಲ್ಲ ಮರಳು ಅರೆದಂಥ ಸದ್ದು, ಬೆರಳಿಗೆ ತಾಮ್ರದ ಪುಡಿ. ಬುಡದ ಗುಂಡಿಯ ಸ್ಪ್ರಿಂಗು ಬಡವಾದುದು. ಕಾವು ತಗಲಿದಂತೆ ಇನ್ನಷ್ಟು ಸೋತು, ಒತ್ತಿದ ಗುಂಡಿ ಹಿಂದಕ್ಕೆ ಬರಲು ಅನುಮಾನಿಸತೊಡಗಿತು. ಗುಂಡಿಗೂ ಕೊಳವೆಗೂ ನಡುವೆ ಇರಬೇಕಾದ ವಿದ್ಯುತ್‌ನಿರೋಧಕ ಬಳೆ ಯಾವುದೋ ಅಗ್ಗದ ಪ್ಲಾಸ್ಟಿಕ್ಕಿನದು. ಅದರ ಅಂಚು ಕರಗಿ ವಕ್ರವಾಗಿತ್ತು. ಬ್ಯಾಟರಿ ಉಬ್ಬಿದರೆ ಒಳಗಿನ ಅನಿಲ ಹೊರಬೀಳಲು ತಕ್ಕಷ್ಟು ತೂತುಗಳಿರಬೇಕು. ಇದರಲ್ಲಿದ್ದವು ಸೂಜಿಯ ಮೊನೆಯಷ್ಟು ಎರಡು. ಬ್ಯಾಟರಿಯ ಮೇಲಿನ ಹೊದಿಕೆಯಲ್ಲಿ ಬರೆದ ಆಂಪಿಯರುಗಳನ್ನು ನಂಬಬೇಕೆ ಬೇಡವೆ ಎಂಬುದಕ್ಕೂ ಆಧಾರವಿರಲಿಲ್ಲ. ಪೆಟ್ಟಿಗೆಯ ಮೇಲೆ ಪರದೇಶದ ಮುದ್ರೆಯಿತ್ತು, ಕೊಳವೆಯ ಮೇಲೆ ಕೊರೆದ ಕ್ರಮಾಂಕವಿತ್ತು. ಮುದ್ರೆ ನಿಜವಾದುದೋ ನಕಲೋ ಹೇಳುವವರಾರು?

ಸಂಕ್ರಾಂತಿಗೆ ಊರಿಗೆ ಬಂದಾಗ ಆದದ್ದು ಇಷ್ಟು. ರಾತ್ರಿ ಊಟಕ್ಕೆ ಕುಳಿತ ಹುಡುಗ ಒಮ್ಮೆಲೆ ಎದ್ದು ನಿಂತ. ಪ್ಯಾಂಟಿನ ಜೇಬಿನಲ್ಲಿದ್ದ ಕೊಳವೆಯ ಗುಂಡಿ, ಕುಳಿತ ಒತ್ತಡಕ್ಕೆ ಒಳಗೆ ಹೋಗಿ ಅಲ್ಲಿಯೇ ಕಚ್ಚಿಕೊಂಡಿತ್ತು. ಜೇಬಿನಿಂದ ತೆಗೆಯುವಷ್ಟರಲ್ಲಿ ತೊಡೆಯ ಮೇಲೆ ಬೊಬ್ಬೆ. ಕೆಳಗೆ ಬಿದ್ದ ಕೊಳವೆಯನ್ನು ತಿರುಚಿ ಬಿಚ್ಚಬೇಕೆಂದರೆ, ಒರಟು ತಿರುಪು ಕಾವಿಗೆ ಇನ್ನೂ ಬಿಗಿದುಕೊಂಡಿತ್ತು. ಆಯಿ ಒಲೆಯ ಮುಂದಿನ ಅರಿವೆಯನ್ನು ಸುತ್ತಿ ಹಿಡಿದಳು, ಅವನು ತಿರುಚಿದ. ಬ್ಯಾಟರಿ ಅಂಗಳಕ್ಕೆ ಉರುಳಿತು. ಅದು ಸಿಡಿಯಲಿಲ್ಲ. ಸಿಡಿಯಬಹುದಾಗಿತ್ತು. 2018ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಂಥದೇ ಜಾತಿಯ ಉಪಕರಣವೊಂದು ಸಿಡಿದು ಒಬ್ಬ ಮನುಷ್ಯ ಪ್ರಾಣ ಬಿಟ್ಟಿದ್ದಾನೆ. ಆ ರಾತ್ರಿ ಅದೇ ಚಾಪೆಯ ಇನ್ನೊಂದು ತುದಿಯಲ್ಲಿ ಒಣಗಿದ ತೆಂಡು ಎಲೆಯ ಕಟ್ಟುಗಳಿದ್ದವು, ಅವುಗಳ ಆಚೆ ನೆರೆಮನೆಯ ಕೂಸು ಮಲಗಿತ್ತು.

ಬೆಳಗಾದ ಮೇಲೆ ಆಯಿ ತಣ್ಣಗಾದ ಕೊಳವೆಯನ್ನು ಮೊರದಲ್ಲಿಟ್ಟುಕೊಂಡು ಕುಳಿತಳು. ಐವತ್ತು ವರ್ಷ ತನ್ನ ಕೈಯ ಮಾಲನ್ನು ಅನ್ಯರು ಹೇಗೆ ಪರೀಕ್ಷಿಸಿದರೋ ಹಾಗೆಯೇ ಅದನ್ನು ಪರೀಕ್ಷಿಸಿದಳು. ಹೆಬ್ಬೆರಳನ್ನು ತಿರುಪಿನ ಮೇಲೆ ಓಡಿಸಿದಳು. ಗುಂಡಿಯನ್ನು ಹತ್ತು ಸಲ ಒತ್ತಿ, ಎಷ್ಟು ಸಲ ಹಿಂದಕ್ಕೆ ಬಂತೆಂದು ಎಣಿಸಿದಳು. ಏಳು ಸಲ ಬಂತು.

“ಯಾರ ಹತ್ರ ತಗೊಂಡಿ?”

“ಪುಣೇದಾಗ ಒಬ್ಬಾಂವ, ಆಯಿ. ಫೋನ್ ಹಚ್ಚಿದ್ರ ಎತ್ತವಲ್ಲ.”

“ಪಾವತಿ?”

“ಇದಕ್ಕ ಪಾವತಿ ಕೊಡಂಗಿಲ್ಲ. ಸರಕಾರ ಬಂದ್ ಮಾಡೇತಿ.”

ಹುಡುಗ ಹೇಳಿದ್ದು ದಿಟ. ಕರ್ನಾಟಕ ಸರಕಾರ 2016ರ ಜೂನ್ ತಿಂಗಳಲ್ಲಿಯೇ ವಿದ್ಯುತ್ ಸಿಗರೇಟುಗಳನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಕೊನೆಯಲ್ಲಿ ಅದು ಕಾಯಿದೆಯಾಯಿತು. ಇವುಗಳನ್ನು ತಯಾರಿಸುವುದು, ತರಿಸುವುದು, ಸಾಗಿಸುವುದು, ಮಾರುವುದು, ದಾಸ್ತಾನು ಮಾಡುವುದು, ಜಾಹೀರಾತು ಮಾಡುವುದು, ಎಲ್ಲವೂ ಅಪರಾಧ. ಮಾರಿ ಮೊದಲ ಸಲ ಸಿಕ್ಕಿಬಿದ್ದವನಿಗೆ ಒಂದು ವರ್ಷದವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಮಕ್ಕಳು ಮತ್ತು ತರುಣರು ಹೊಸದೊಂದು ಚಟಕ್ಕೆ ಬೀಳಬಾರದೆಂಬುದು ಅದರ ಉದ್ದೇಶ. ಆದರೆ ಮಖಮಲ್ಲಿನ ಪೆಟ್ಟಿಗೆಗಳು ಬರುವುದು ಪೂರ್ತಿಯಾಗಿ ನಿಂತಿಲ್ಲ. ಜತೆಗೆ ಬರಬೇಕಾಗಿದ್ದ ಪಾವತಿಯ ಚೀಟಿ ಮಾತ್ರ ನಿಂತಿದೆ. ಗ್ರಾಹಕರ ರಕ್ಷಣೆಗೆ 1986ರಲ್ಲಿ ಒಂದು ಕಾಯಿದೆ ಬಂತು, 2019ರಲ್ಲಿ ಅದರ ಸ್ಥಾನಕ್ಕೆ ಇನ್ನೊಂದು ಬಂತು. ದೋಷವುಳ್ಳ ವಸ್ತುವಿನಿಂದ ಹಾನಿಯಾದರೆ ತಯಾರಕನನ್ನೂ ಮಾರಿದವನನ್ನೂ ಹೊಣೆಗಾರರನ್ನಾಗಿ ಮಾಡುವ ನಿಯಮಗಳು ಅದರಲ್ಲಿವೆ. ಕೆಟ್ಟ ಮಿಕ್ಸರ್, ಕೆಟ್ಟ ಪಂಪು ಕೊಂಡವನು ಆಯೋಗದ ಮೆಟ್ಟಿಲೇರಬಹುದು. ಕದ್ದುಮುಚ್ಚಿ ಕೊಂಡ ಕೊಳವೆಯನ್ನು ಹಿಡಿದು ಯಾವ ಮೆಟ್ಟಿಲೇರುವುದು? ಬೆಲೆ ತೆತ್ತವನು ತಾನು, ಬೊಬ್ಬೆ ಎದ್ದದ್ದು ತನ್ನ ತೊಡೆಗೆ, ಬಾಯಿ ಬಿಟ್ಟರೆ ನಾಚಿಕೆಪಡಬೇಕಾದವನೂ ತಾನೇ.

ಇದೆಲ್ಲವನ್ನೂ ಕೇಳಿದ ಮೇಲೆ ಆಯಿ ಒಂದು ಮಾತು ಹೇಳಿದಳು.

“ನಾ ಒಂದ ಬೀಡಿ ಸಡ್ಲ ಕಟ್ಟಿದ್ರ ನನ್ನ ಕೂಲಿ ಹಿಡೀತಿದ್ರು. ಇದನ್ನ ಹಿಂಗ ಮಾಡಿದಂವನ ಕೂಲಿ ಹಿಡ್ಯಾವರು ಯಾರೂ ಇಲ್ಲೇನು?”

ಆ ಪ್ರಶ್ನೆಗೆ ಮೊಮ್ಮಗನ ಬಳಿ ಉತ್ತರವಿರಲಿಲ್ಲ. ನಾಲ್ಕಾಣೆಯ ವಸ್ತುವಿನ ದೋಷಕ್ಕೆ ಎಷ್ಟು ಕಣ್ಣುಗಳು, ಎಷ್ಟು ಕೈಗಳು, ಎಷ್ಟು ಕಡಿತ! ಸಾವಿರಗಟ್ಟಲೆ ರೂಪಾಯಿಯ ವಸ್ತುವಿಗೆ ಒಬ್ಬ ತಪಾಸಣೆಯವನೂ ಇಲ್ಲ. ಬೆಲೆ ಹೆಚ್ಚಿದಷ್ಟೂ ಗುಣ ಹೆಚ್ಚೆಂಬ ನಂಬಿಕೆ ಪೇಟೆಯ ಜನರದು. ಬೆಲೆ ಹೆಚ್ಚಿದಲ್ಲಿ ಹೊಳಪು ಹೆಚ್ಚಿರಬಹುದು. ಆದರೆ ಗುಣ ಹೆಚ್ಚುವುದು ದೋಷಕ್ಕೆ ಉತ್ತರ ಕೊಡುವವನೊಬ್ಬ ಇದ್ದಾಗ ಮಾತ್ರ.

ಹುಡುಗ ಬ್ಯಾಟರಿಯನ್ನು ಮತ್ತೆ ಹಾಕಲಿಲ್ಲ. ಆದರೆ ನಿಕೊಟಿನ್ನಿನ ಸಾಲ ಬ್ಯಾಟರಿಯೊಂದಿಗೆ ತೀರುವಂಥದಲ್ಲ. ಬೊಬ್ಬೆ ಮಾಯುವವರೆಗೆ ರಜೆ ಹಾಕಿ ಊರಿನಲ್ಲಿಯೇ ಉಳಿದ. ಮೂರನೆಯ ದಿನ ಸಂಜೆ ಆಯಿ ಕಟ್ಟುಗಳನ್ನು ಎಣಿಸುತ್ತ ಕುಳಿತಿದ್ದಾಗ ಒಂದರ ಮೇಲೆ ಕೈ ನಿಲ್ಲಿಸಿದಳು. “ಈ ಕಟ್ಟಿನ್ಯಾಗ ಒಂದ ಕಡಿಮಿ ಐತಿ” ಎಂದಳು, ತಲೆಯೆತ್ತದೆ. ಹುಡುಗ ತಲೆತಗ್ಗಿಸಿದ. ಆ ಒಂದು ಬೀಡಿಯನ್ನು ಅವಳು ಮತ್ತೆ ಕಟ್ಟಿ ತುಂಬಿದಳು. ಇಲ್ಲದಿದ್ದರೆ ಅದೂ ಅವಳ ಲೆಕ್ಕಕ್ಕೇ ಬೀಳುತ್ತಿತ್ತು. ಕಟ್ಟಿ ಮುಗಿಸಿದ ಮೇಲೆ, ಅದು ಚೆನ್ನಾಗಿ ಬಂದಿದೆಯೆ ಎಂದು ಬೆರಳಲ್ಲಿ ಉರುಳಿಸಿ ನೋಡಿದಳು. ಚೆನ್ನಾಗಿ ಬಂದಿತ್ತು. ಯಾವ ತಪಾಸಣೆಯವನೂ ಅದನ್ನು ಪಕ್ಕಕ್ಕೆ ಹಾಕುವಂತಿರಲಿಲ್ಲ. ಆದರೂ ಅವಳು ಅದನ್ನು ನೋಡುತ್ತ ಕೆಲಹೊತ್ತು ಸುಮ್ಮನೆ ಕುಳಿತಳು. ತನ್ನ ಕೈಯಿಂದ ಕಟ್ಟಿ ಕಳಿಸಿದ ಲಕ್ಷಾಂತರ ಬೀಡಿಗಳಲ್ಲಿ ಒಂದೂ ಹಿಂದಕ್ಕೆ ಬಾರದಷ್ಟು ಚೆನ್ನಾಗಿದ್ದರೂ, ಅವುಗಳನ್ನು ಸೇದಿದವರ ಎದೆಗೆ ಅವು ಏನು ಮಾಡಿದವೆಂಬ ಲೆಕ್ಕವನ್ನು ಯಾರೂ ಅವಳ ಮುಂದೆ ಇಟ್ಟಿರಲಿಲ್ಲ. ವಖಾರಿಯ ಧೂಳಿನ ಕೆಮ್ಮಿನ ಲೆಕ್ಕವನ್ನು ಅವಳು ತಾನಾಗಿ ಯಾರ ಮುಂದೆಯೂ ಇಟ್ಟಿರಲಿಲ್ಲ.

ಹುಡುಗನ ಗೆಳೆಯನೊಬ್ಬ ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ತಂಬಾಕು ಬಿಡಬಯಸುವವರಿಗಾಗಿ ಸರಕಾರವೇ ನಡೆಸುವ ಉಚಿತ ಫೋನ್ ಸಹಾಯವಿದೆಯೆಂದು ಹೇಳಿ 1800-11-2356 ಎಂಬ ಸಂಖ್ಯೆಯನ್ನು ಬರೆದುಕೊಟ್ಟ. ಚೀಟಿಯ ಮೇಲಿನ ಆ ಸಂಖ್ಯೆಗೆ ಮಖಮಲ್ಲಿನ ಪೆಟ್ಟಿಗೆಯ ಠೀವಿಯಿಲ್ಲ. ಆದರೆ ಆ ಕಡೆ ಉತ್ತರ ಕೊಡುವವರೊಬ್ಬರಿದ್ದಾರೆ. ಹುಡುಗ ಈಗ ದಿನಗಳನ್ನು ಎಣಿಸುತ್ತಿದ್ದಾನೆ. ಎರಡು ಸಲ ಎಣಿಕೆ ತಪ್ಪಿ ಮೊದಲಿನಿಂದ ಆರಂಭಿಸಿದ್ದಾನೆ. ಆಯಿಯ ಮೊರದ ಕಟ್ಟುಗಳಲ್ಲಿ ಮಾತ್ರ ಆಮೇಲೆ ಎಂದೂ ಕಡಿಮೆ ಬಿದ್ದಿಲ್ಲ.

ತಾಮ್ರದ ಕೊಳವೆ ಮೋಡಕಾದವನ ತಕ್ಕಡಿಗೆ ಹೋಯಿತು. ಅವನು ಅದನ್ನು ಕಲ್ಲಿನ ಮೇಲೆ ತಟ್ಟಿ ಸದ್ದು ಕೇಳಿದ, ಉಜ್ಜಿ ಬಣ್ಣ ನೋಡಿದ, ಅಪ್ಪಟ ತಾಮ್ರವಲ್ಲ, ಬೆರಕೆ ಎಂದು ಹೇಳಿ ತೂಕಕ್ಕೆ ತಕ್ಕ ಬೆಲೆ ಕೊಟ್ಟ. ಅರ್ಧ ತಿಂಗಳ ಸಂಬಳದ ಆ ವಸ್ತುವಿನ ಆಯುಷ್ಯದಲ್ಲಿ, ಹಣ ಎಣಿಸುವ ಮೊದಲು ಅದನ್ನು ಪರೀಕ್ಷಿಸಿದ ವ್ಯಾಪಾರಿ ಅವನೊಬ್ಬನೇ.